ಹಸೆಯ ಹೊರಗಿನ ಮಾತು: ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಮತ್ತು ಪ್ರಯೋಗಶೀಲತೆಯ ಪ್ರಶ್ನೆ

1

ಹೊಸನಗರ ತಾಲೂಕಿನ ಹುಂಚವು ಸಾಂತರ ಅರಸರ ನೆಲೆಯಾಗಿ, ಪದ್ಮಾವತಿಯ ಕ್ಷೇತ್ರವಾಗಿ, ಶಾಸನಗಳ ಕಣಜವಾಗಿ ಸಂಶೋಧಕರಿಗೆ ಪರಿಚಿತವಾದ ಸ್ಥಳ. ಇಲ್ಲಿನ ಪಂಚಕೂಟ ಬಸದಿಯನ್ನು ಕ್ರಿ.ಶ. 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ. ತೀರಿಕೊಂಡ ಸೋದರಿಯ ಮಕ್ಕಳನ್ನು ತನ್ನ ಮಕ್ಕಳಂತೆ ಬೆಳೆಸಿದ ಈ ರಾಣಿಯ ದಾನಧರ್ಮಗಳನ್ನು ಶಾಸನಗಳು ಹೊಗಳಿವೆ. ಮಲೆನಾಡಿನ ಹೆಣ್ಣೊಬ್ಬಳ ಬದುಕು ಬರವಣಿಗೆಗೆ ಬಂದ ಒಂದು ಮಾದರಿ ಇದು. ಕೊಡಲು ಸಂಪತ್ತು, ಹೇಳಿಕೊಳ್ಳಲು ವಂಶ, ಕೆತ್ತಿಸಲು ಕಲ್ಲು ಇದ್ದವಳ ಹೆಸರು ಉಳಿಯಿತು.

ಇವು ಮೂರೂ ಇಲ್ಲದ ಹೆಣ್ಣಿನ ಬದುಕು ಬರವಣಿಗೆಗೆ ಬರಬೇಕಾದರೆ ದಾರಿ ಯಾವುದು? ಇದೇ ಪರಿಸರದ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ 'ಫಣಿಯಮ್ಮ' ಕಾದಂಬರಿ ಈ ಪ್ರಶ್ನೆಗೆ ಒಂದು ಉತ್ತರ. ಈ ಕೃತಿಯನ್ನು ವಿಧವೆಯ ಕರುಣಾಜನಕ ಕಥೆಯೆಂದೂ ಸ್ತ್ರೀವಾದಿ ಕೃತಿಯೆಂದೂ ಓದಿದ್ದೇವೆ. ಕಥನ ವಿಧಾನದಲ್ಲಿ ಅದೊಂದು ಪ್ರಯೋಗವೆಂದು ಓದಿದ್ದು ಕಡಿಮೆ. ಜಾನಪದ ಅಧ್ಯಯನದ ನೆಲೆಯಿಂದ ನೋಡಿದರೆ ಅದು ನಮ್ಮ ಕಾದಂಬರಿ ಪರಂಪರೆಯ ಗಂಭೀರ ಪ್ರಯೋಗಗಳಲ್ಲೊಂದು ಎಂಬುದು ಪ್ರಸ್ತುತ ಪ್ರಬಂಧದ ವಾದ.

2

ಮಂಡಗದ್ದೆ ಕೃಷ್ಣರಾವ್ ಇಂದಿರಾ ಅವರು ಜನಿಸಿದ್ದು 1917ರಲ್ಲಿ. ತಂದೆ ತರೀಕೆರೆ ಸೂರ್ಯನಾರಾಯಣ ರಾವ್, ತಾಯಿ ಬನಶಂಕರಮ್ಮ. ಶಾಲೆಯ ಓದು ಏಳು ವರ್ಷಗಳಿಗೆ ಮುಗಿದು, ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಯಿತು. ಅವರ ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಹೊರಬಂದಾಗ ಅವರಿಗೆ ವಯಸ್ಸು ನಲವತ್ತಾರು. ಅಲ್ಲಿಂದ ಮುಂದೆ 1994ರಲ್ಲಿ ನಿಧನರಾಗುವವರೆಗೆ ಅವರು ಬರೆದ ಕಾದಂಬರಿಗಳ ಸಂಖ್ಯೆ ಐವತ್ತರ ಸಮೀಪಕ್ಕೆ ಬರುತ್ತದೆ. 'ತುಂಗಭದ್ರ' ಮತ್ತು 'ಫಣಿಯಮ್ಮ' ಎರಡಕ್ಕೂ ರಾಜ್ಯ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಸಂದಿದೆ. 'ಗೆಜ್ಜೆ ಪೂಜೆ'ಯನ್ನು ಪುಟ್ಟಣ್ಣ ಕಣಗಾಲರು 1969ರಲ್ಲಿ ಚಲನಚಿತ್ರವಾಗಿಸಿದರು.

ಈ ಜೀವನ ರೇಖೆಯಲ್ಲಿ ಗಮನಿಸಬೇಕಾದುದು ಬರವಣಿಗೆಗೆ ಮೊದಲಿನ ನಲವತ್ತಕ್ಕೂ ಹೆಚ್ಚು ವರ್ಷಗಳನ್ನು. ಸಾಹಿತ್ಯ ಚರಿತ್ರೆಯು ಈ ಅವಧಿಯನ್ನು ಖಾಲಿ ಬಿಡುತ್ತದೆ. ಜಾನಪದ ವಿದ್ವಾಂಸನಿಗೆ ಅದು ಖಾಲಿಯಲ್ಲ. ಕೂಡುಕುಟುಂಬದ ಹಜಾರ, ಅಡುಗೆಮನೆ, ಬಾಣಂತಿಕೋಣೆ, ಹಿತ್ತಿಲ ಜಗಲಿಗಳಲ್ಲಿ ಹೆಂಗಸರು ಹೆಂಗಸರಿಗೆ ಹೇಳುವ ಕಥೆಗಳನ್ನು ಕೇಳುತ್ತ ಬೆಳೆಯುವ ಕಾಲ ಅದು. ಬಾಯಿಮಾತಿನ ಪರಂಪರೆಯಲ್ಲಿ ಹೇಳುವವಳಾಗುವ ಮೊದಲು ದೀರ್ಘಕಾಲ ಕೇಳುವವಳಾಗಿರಬೇಕು. ಶಾಲೆ ನಿಂತ ಮೇಲೆ ನಡೆದ ಈ ಶಿಕ್ಷಣವೇ ಇಂದಿರಾ ಅವರ ಗದ್ಯದ ಲಯವನ್ನು ರೂಪಿಸಿದೆಯೆಂದು ನಾನು ಭಾವಿಸುತ್ತೇನೆ.

3

'ಪ್ರಯೋಗಶೀಲ' ಎಂಬ ಪದ ಕನ್ನಡ ವಿಮರ್ಶೆಯಲ್ಲಿ ನೆಲೆಗೊಂಡದ್ದು ನವ್ಯದ ಕಾಲದಲ್ಲಿ. ವ್ಯಕ್ತಿಪ್ರಜ್ಞೆಯ ಒಳತೋಟಿ, ಸಾಂಕೇತಿಕ ಭಾಷೆ, ಕಾಲದ ಮುರಿದ ನಿರೂಪಣೆ ಇವು ಅದರ ಲಕ್ಷಣಗಳಾದವು. ಈ ಅಳತೆಗೋಲಿನಿಂದ ಅಳೆದಾಗ ಅರವತ್ತು ಎಪ್ಪತ್ತರ ದಶಕಗಳಲ್ಲಿ ಬರೆದ ಬಹುಪಾಲು ಕಾದಂಬರಿಗಾರ್ತಿಯರು 'ಜನಪ್ರಿಯ' ಎಂಬ ಕಪಾಟಿಗೆ ಸೇರಿದರು. ಇಂಗ್ಲಿಷಿನಲ್ಲಿ ವರ್ಜೀನಿಯಾ ವುಲ್ಫ್, ಡೊರೊಥಿ ರಿಚರ್ಡ್‌ಸನ್ ಮೊದಲಾದವರ ಹೆಸರುಗಳನ್ನು ಬಿಟ್ಟು ಪ್ರಯೋಗಶೀಲ ಕಾದಂಬರಿಯ ಚರಿತ್ರೆ ಬರೆಯಲು ಬಾರದು. ಕನ್ನಡದಲ್ಲಿ ಆ ಚರಿತ್ರೆಯನ್ನು ಲೇಖಕಿಯರ ಹೆಸರಿಲ್ಲದೆಯೇ ಬರೆದುಬಿಡುವುದು ಸಾಧ್ಯವಾಗಿತ್ತು. ದೋಷ ಲೇಖಕಿಯರದೋ, ಅಳತೆಗೋಲಿನದೋ ಎಂದು ಕೇಳಬೇಕಾಗಿದೆ.

ಪ್ರಯೋಗವೆಂದರೆ ಹೊಸ ತಂತ್ರದ ಪ್ರದರ್ಶನ ಎಂದು ನಾನು ತಿಳಿದಿಲ್ಲ. ಇರುವ ಪ್ರಕಾರಗಳಲ್ಲಿ ಹಿಡಿಸದ ಒಂದು ಬದುಕಿಗೆ ತಕ್ಕ ಪ್ರಕಾರವನ್ನು ಕಂಡುಕೊಳ್ಳುವುದು ಪ್ರಯೋಗ. ಹೀಗೆ ನೋಡಿದರೆ ತೀರ್ಥಹಳ್ಳಿಯಲ್ಲಿಯೇ ಜನಿಸಿದ ಅನುಪಮಾ ನಿರಂಜನ ಅವರು ಎಪ್ಪತ್ತರ ದಶಕದಲ್ಲಿ ಮಹಾಭಾರತದ ಒಂದು ಉಪಾಖ್ಯಾನವನ್ನು ಹೆಣ್ಣಿನ ಕಡೆಯಿಂದ ಮತ್ತೆ ಹೇಳಿದ 'ಮಾಧವಿ'ಯೂ ಪ್ರಯೋಗವೇ. ಅವರು ಪುರಾಣದ ಕಡೆಗೆ ಹೋದರು. ಇಂದಿರಾ ಮನೆಮಾತಿನ ಕಡೆಗೆ ಹೋದರು.

4

ಫಣಿಯಮ್ಮನ ಬದುಕಿಗೆ ಇರುವ ಪ್ರಕಾರಗಳು ಏಕೆ ಒದಗಲಿಲ್ಲ ಎಂಬುದನ್ನು ವಿವರಿಸಬೇಕು. ಮಲೆನಾಡಿನ ಹೆಂಗಸರ ಮೌಖಿಕ ಪರಂಪರೆಯೆಂದು ನಾವು ಸಂಗ್ರಹಿಸಿರುವುದರಲ್ಲಿ ಬಹುಭಾಗ ಹಾಡು: ಹಸೆಗೆ ಕರೆಯುವ ಹಾಡು, ಆರತಿ ಹಾಡು, ಸೋಬಾನೆ. ಇವುಗಳ ಸಂದರ್ಭ ಮಂಗಳಕಾರ್ಯ; ಹಾಡುವ ಅಧಿಕಾರ ಮುತ್ತೈದೆಯರದು. ತಲೆ ಬೋಳಿಸಿಕೊಂಡು, ಕೆಂಪು ಸೀರೆ ಹೊದ್ದ ಮಡಿ ಹೆಂಗಸಿಗೆ ಹಸೆಯ ಮುಂದೆ ನಿಲ್ಲುವ ಹಕ್ಕಿರಲಿಲ್ಲ. ಅವಳಿಗೆ ಹಾಡು ಬರುತ್ತಿದ್ದರೂ ಒಳಗಿನಿಂದ ಸೊಲ್ಲು ನೆನಪಿಸಬಹುದಿತ್ತೇ ಹೊರತು ಹಾಡುಗಾರ್ತಿಯೆಂದು ಹೊರಬರುವಂತಿರಲಿಲ್ಲ. ಹೀಗಾಗಿ ಅಂಥ ಮನೆಗಳಿಂದ ನಾವು ಕೂಡಿಹಾಕಿದ ಹೆಂಗಸರ ಹಾಡುಗಳ ಭಂಡಾರವು ಬಹುಮಟ್ಟಿಗೆ ಮುತ್ತೈದೆಯರ ಭಂಡಾರ. ವಿಧವೆಯನ್ನು ಹಸೆಯಿಂದ ಹೊರಗಿಟ್ಟ ಸಮಾಜದ ನಿಯಮವನ್ನೇ ನಮ್ಮ ಸಂಗ್ರಹ ವಿಧಾನವೂ ಅರಿವಿಲ್ಲದೆ ಪಾಲಿಸಿದೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಪಿಎಚ್.ಡಿ. ಅಧ್ಯಯನದ ಕಾಲದಲ್ಲಿ ಹುಂಚದ ಸುತ್ತಿನ ಹಳ್ಳಿಗಳಲ್ಲಿ ಹಾಡು ಧ್ವನಿಮುದ್ರಿಸುತ್ತಿದ್ದಾಗ, ಹಾಡು ಮುಗಿದು ಹೆಂಗಸರು ಮನೆಯ ಹಿಂದಿನವರ ಮಾತಿಗೆ ತೊಡಗಿದೊಡನೆ ನಾನು ಯಂತ್ರ ನಿಲ್ಲಿಸುತ್ತಿದ್ದೆ. ಕ್ಯಾಸೆಟ್ ಉಳಿಸಬೇಕೆಂಬುದು ಒಂದು ಕಾರಣ. ಅದು 'ಸಾಮಗ್ರಿ'ಯಲ್ಲ ಎಂಬ ನಂಬಿಕೆ ನಿಜವಾದ ಕಾರಣ. ಒಂದು ಮನೆಯಲ್ಲಿ ಮೂಲೆಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಅಷ್ಟು ಹೊತ್ತೂ ಬಾಯಿ ಬಿಡದಿದ್ದವರು, ಯಂತ್ರ ನಿಂತ ಮೇಲೆ ಮಾತನಾಡಿದರು. ಅವರು ಹೇಳಿದ್ದರಲ್ಲಿ ನನ್ನ ಬಳಿ ಇಂದು ಒಂದು ವಾಕ್ಯವೂ ಇಲ್ಲ. 'ಫಣಿಯಮ್ಮ'ನನ್ನು ಆ ನಂತರ ಮರಳಿ ಓದಿದಾಗ, ನಾನು ಯಂತ್ರ ನಿಲ್ಲಿಸಿದ ಜಾಗದಿಂದ ಇಂದಿರಾ ಬರೆಯತೊಡಗಿದ್ದಾರೆ ಎಂದು ತೋರಿತು.

5

ಕಾದಂಬರಿಗೆ ಆಧಾರ ಇಂದಿರಾ ಅವರು ಬಾಲ್ಯದಲ್ಲಿ ಕಂಡಿದ್ದ ನಿಜವ್ಯಕ್ತಿ. ಆಕೆ ತನ್ನ ಬದುಕನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಬಳಿ. ಹೀಗೆ ಪಠ್ಯದ ಹಿಂದೆ ಮೂವರು ಹೆಂಗಸರ ಸರಪಣಿಯಿದೆ: ಬದುಕಿದವಳು, ಕೇಳಿದವಳು, ಬರೆದವಳು. ಸ್ವೀಡನ್ನಿನ ಜಾನಪದ ವಿದ್ವಾಂಸ ಫಾನ್ ಸೈಡೋ ಸ್ವಂತ ಅನುಭವದ ಮೌಖಿಕ ಕಥನವನ್ನು 'ಮೆಮೊರಾಟ್' ಎಂಬ ಪ್ರತ್ಯೇಕ ಪ್ರಕಾರವಾಗಿ ಗುರುತಿಸಿದ್ದ. ಅನುಭವ ಕಥನವು ಕೈದಾಟಿದಂತೆ ಐತಿಹ್ಯದ ಗುಣ ಪಡೆಯುತ್ತದೆ. 'ಫಣಿಯಮ್ಮ' ಈ ಎರಡರ ನಡುವಿನ ಹೊಸ್ತಿಲಲ್ಲಿ ನಿಂತಿರುವ ಕೃತಿ.

ಎ.ಕೆ. ರಾಮಾನುಜನ್ ಅವರು ತಮಿಳಿನ ಅಗಂ–ಪುರಂ ಪರಿಕಲ್ಪನೆಗಳನ್ನು ಬಳಸಿ ಕನ್ನಡ ಜಾನಪದದ ಎರಡು ಲೋಕಗಳನ್ನು 1986ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಮನೆಯೊಳಗೆ ಅಜ್ಜಿಯರು ಹೇಳುವ ಕಥೆಗಳಲ್ಲಿ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರಿಲ್ಲ, ಊರಿಲ್ಲ. ಕಥನವು ಬಯಲಿಗೆ ಬಂದಾಗ ಹೆಸರು, ಊರು, ಕಾಲಗಳು ಸೇರುತ್ತವೆ. ಈ ಒಳನೋಟ 'ಫಣಿಯಮ್ಮ'ನಿಗೆ ಚೆನ್ನಾಗಿ ಹೊಂದುತ್ತದೆ. ಇದು ಒಳಮನೆಯಲ್ಲಿ ಹುಟ್ಟಿದ ಕಥನ. ಆದರೆ ನಾಯಕಿಯ ಹೆಸರೇ ಶೀರ್ಷಿಕೆ, ಊರಿಗೆ ಹೆಸರಿದೆ, ಅವಳ ಬಾಳಿಗೆ 1840ರಿಂದ 1952ರವರೆಗಿನ ನೂರ ಹನ್ನೆರಡು ವರ್ಷಗಳ ಗಡಿಯಿದೆ. ಬಯಲಿನ ವೀರನಿಗೆ ಮೀಸಲಾಗಿದ್ದ ಹೆಸರು ಮತ್ತು ಕಾಲವನ್ನು ಲೇಖಕಿ ಅಡುಗೆಮನೆಯವಳಿಗೆ ಕೊಟ್ಟಿದ್ದಾರೆ.

ಆ ನೂರ ಹನ್ನೆರಡು ವರ್ಷಗಳೂ ಅರ್ಥಪೂರ್ಣ. ಬಾಯಿಮಾತಿನಲ್ಲಿ ಆಯುಸ್ಸು ಉಬ್ಬುವುದು ಸಹಜವೆಂದು ಸಂಶಯಪಡಬಹುದು. ಆದರೆ ಆ ಸಂಖ್ಯೆ ಕಥನದಲ್ಲಿ ಮಾಡುವ ಕೆಲಸ ಮುಖ್ಯ. 1856ರ ವಿಧವಾ ಪುನರ್ವಿವಾಹ ಕಾಯ್ದೆ, ವಿಧವೆಯ ಮದುವೆಯನ್ನು ವಸ್ತುವಾಗಿಸಿದ ಗುಲ್ವಾಡಿ ವೆಂಕಟರಾಯರ 1899ರ 'ಇಂದಿರಾಬಾಯಿ', ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಅವರ ಬರವಣಿಗೆ, ಸ್ವಾತಂತ್ರ್ಯ, ಸಂವಿಧಾನ ಎಲ್ಲವೂ ಈ ಒಂದೇ ಆಯುಸ್ಸಿನೊಳಗೆ ಬಂದವು. ಬಾಲ್ಯದಲ್ಲಿ ಮದುವೆಯಾಗಿ, ಹಾವು ಕಡಿದು ಗಂಡ ಸತ್ತು, ಮೈನೆರೆದ ಮೇಲೆ ತಲೆಗೂದಲು ಕಳೆದುಕೊಂಡ ಹುಡುಗಿಯ ದಿನಚರಿಯನ್ನು ಅವು ಯಾವುವೂ ಬದಲಿಸಲಿಲ್ಲ. ಸುಧಾರಣೆಯ ಚರಿತ್ರೆ ಮತ್ತು ಅಡುಗೆಮನೆಯ ಕಾಲ ಬೇರೆ ಬೇರೆ ವೇಗದಲ್ಲಿ ಚಲಿಸುತ್ತವೆ ಎಂಬುದನ್ನು ಕಾದಂಬರಿ ವಾದಿಸದೆ ತೋರಿಸುತ್ತದೆ.

ರಚನೆಯೂ ಇದಕ್ಕೆ ಅನುಗುಣವಾಗಿದೆ. ಏರುತ್ತ ಹೋಗಿ ಒಂದು ತುದಿಯಲ್ಲಿ ಬಿಚ್ಚಿಕೊಳ್ಳುವ ಕಥಾವಸ್ತು ಇಲ್ಲಿಲ್ಲ. ಮದುವೆ, ಸಾವು, ಹೆರಿಗೆ, ಹಬ್ಬಗಳ ಪ್ರಸಂಗಗಳು ಒಂದನ್ನೊಂದು ನೆನಪಿಸಿಕೊಂಡು ಬರುತ್ತವೆ. ನಡುವೆ ಮನೆಯ ವಿಸ್ತಾರ, ನೆಂಟಸ್ತಿಕೆ, ಅಡುಗೆಯ ವಿವರಗಳು. ನವ್ಯದ ಕಣ್ಣಿಗೆ ಇದು ಸಡಿಲ ಬಂಧ. ಮನೆಯಲ್ಲಿ ಕಥೆ ಹೇಳುವವಳಿಗೆ ಇದೇ ಬಂಧ: ಕೇಳುವವಳಿಗೆ ಇವಳು ಯಾರ ಮಗಳು, ಯಾರ ಅತ್ತಿಗೆ ಎಂದು ತಿಳಿಯದೆ ಮುಂದಿನ ಮಾತು ಸಾಗದು.

6

ಇದೇ ನೆಲದ ಇನ್ನೊಂದು ಪ್ರಸಿದ್ಧ ಕಥನದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತೀರ್ಥಹಳ್ಳಿ ತಾಲೂಕಿನವರೇ ಆದ ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ, ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ರೂಪಿಸಿದ ಚಲನಚಿತ್ರದಲ್ಲಿ, ಬಸಿರಾದ ತರುಣ ವಿಧವೆಯ ದುರಂತವನ್ನು ಒಬ್ಬ ಹುಡುಗನ ಕಣ್ಣು ಕಾಣುತ್ತದೆ. ಆ ಹುಡುಗನಿಗೆ ಅವಳ ಒಳಲೋಕ ಅರ್ಧ ಮಾತ್ರ ತಿಳಿಯುತ್ತದೆ. ಕೃತಿಯ ಶಕ್ತಿಯಿರುವುದು ಆ ಅರ್ಧ ತಿಳಿವಿನಲ್ಲಿ. ಕೊನೆಯಲ್ಲಿ ಸಮುದಾಯ ಅವಳನ್ನು ಸತ್ತವಳೆಂದು ಕಳಚಿಹಾಕುತ್ತದೆ.

'ಫಣಿಯಮ್ಮ'ದ ದಾಕ್ಷಾಯಿಣಿಯೂ ತರುಣ ವಿಧವೆ. ಆಕೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ಸಕೇಶಿಯಾಗಿಯೇ ಉಳಿಯುತ್ತಾಳೆ. ಮುಂದೆ ಮೈದುನನಿಂದ ಬಸಿರಾಗುತ್ತಾಳೆ. ಇಲ್ಲಿ ಘಟಶ್ರಾದ್ಧವಿಲ್ಲ. ಅತ್ತೆ ಅವಳನ್ನು ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾಳೆ. ಫಣಿಯಮ್ಮ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ಗಂಡಸರ ಸಭೆ ತೀರ್ಮಾನಿಸುವ ಕಥೆ ದುರಂತವಾಗುತ್ತದೆ. ಹೆಂಗಸರು ಒಳಗೊಳಗೇ ತೀರ್ಮಾನಿಸಿಕೊಂಡ ಕಥೆ ಹೊರಗೆ ಸುದ್ದಿಯೇ ಆಗದೆ ಮುಂದುವರಿಯುತ್ತದೆ. ಇಂಥ ತೀರ್ಮಾನಗಳು ನಮ್ಮ ಮನೆಗಳಲ್ಲಿ ನಡೆದಿವೆ. ಆದರೆ ಅವುಗಳಿಗೆ ದಾಖಲೆಯಿಲ್ಲ, ಮುಚ್ಚಿಡುವುದೇ ಅವುಗಳ ಉದ್ದೇಶವಾಗಿತ್ತು. ಹೆಂಗಸರ ಮಾತಿನಲ್ಲಲ್ಲದೆ ಅವು ಬೇರೆಲ್ಲೂ ಉಳಿಯಲಾರವು.

7

ಕೃತಿಯ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಲೇಖಕಿ ಹಲವೆಡೆ ಪಾತ್ರವನ್ನು ತಡೆದು ತಾವೇ ಮಾತನಾಡುತ್ತಾರೆ. ಫಣಿಯಮ್ಮನನ್ನು ಬರಬರುತ್ತ ಸಂತಳ ಎತ್ತರಕ್ಕೆ ಏರಿಸುತ್ತಾರೆ. ಐತಿಹ್ಯಕ್ಕೆ ಸಹಜವಾದ ಈ ಏರಿಕೆಯಲ್ಲಿ ಅವಳ ಸಿಟ್ಟು, ಆಸೆಗಳಿಗೆ ಜಾಗ ಕಿರಿದಾಗುತ್ತದೆ. ವ್ಯವಸ್ಥೆ ಅವಳಿಂದ ಕಸಿದುಕೊಂಡದ್ದನ್ನು ಅವಳೇ ತ್ಯಜಿಸಿದಳೆಂಬಂತೆ ಓದುವ ಅಪಾಯವೂ ಇದೆ.

ಇದಕ್ಕಿಂತ ಗಂಭೀರವಾದದ್ದು ಜಾತಿಯ ಪ್ರಶ್ನೆ. ಕಷ್ಟದ ಹೆರಿಗೆಯಲ್ಲಿ ನರಳುತ್ತಿದ್ದ ಅಸ್ಪೃಶ್ಯ ಸಮುದಾಯದ ಹೆಣ್ಣೊಬ್ಬಳ ಬಳಿಗೆ ಫಣಿಯಮ್ಮ ಯಾರಿಗೂ ತಿಳಿಯದಂತೆ ಹೋಗಿ ನೆರವಾಗುವ ಪ್ರಸಂಗ ಕೃತಿಯ ನೈತಿಕ ಶಿಖರವೆಂದು ಮನ್ನಣೆ ಪಡೆದಿದೆ. ಮಡಿಯ ಕೈ ಮುಟ್ಟಬಾರದ ಮೈಯನ್ನು ಮುಟ್ಟಿ ಜೀವ ಉಳಿಸುವುದು ನಿಜಕ್ಕೂ ದೊಡ್ಡ ಘಟನೆ. ಆದರೆ ನಮಗೆ ದೊರೆತಿರುವುದು ಅದರ ಒಂದು ಪಾಠ ಮಾತ್ರ. ಅದೇ ರಾತ್ರಿಯನ್ನು ಹೆತ್ತವಳು ತನ್ನ ಕೇರಿಯಲ್ಲಿ ಹೇಗೆ ಹೇಳಿಕೊಂಡಿದ್ದಾಳು? ಅವಳ ಮಗಳಿಂದ ಮೊಮ್ಮಗಳಿಗೆ ಯಾವ ಪಾಠ ಸಾಗಿದ್ದೀತು? ಒಂದು ಘಟನೆಗೆ ಹಲವು ಪಾಠಗಳಿರುತ್ತವೆಂಬುದು ನಮ್ಮ ಶಾಸ್ತ್ರದ ಮೊದಲ ಸೂತ್ರ. ಇಂದಿರಾ ಅವರ ಸರಪಣಿ ಅವರ ಮನೆಯ ಗೋಡೆಯವರೆಗೆ ಮಾತ್ರ ಚಾಚುತ್ತದೆ. ಆಚೆಯದನ್ನು ಹುಡುಕುವುದು ನಮ್ಮ ಹೊಣೆಯಾಗಿತ್ತು. ಅದನ್ನು ನಾವೂ ಮಾಡಲಿಲ್ಲ.

8

ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ತನಗೆ ಗೊತ್ತಿದ್ದ ಒಂದು ಕಥೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಗೃಹಿಣಿಯದೊಂದಿದೆ. ಬೇಸತ್ತ ಕಥೆ ಮತ್ತು ಹಾಡು ಹೊರಬಿದ್ದು, ಗಂಡಸಿನ ಚಪ್ಪಲಿ ಮತ್ತು ಅಂಗಿಯಾಗಿ ಮನೆಯಲ್ಲಿ ಅನುಮಾನ ಬಿತ್ತುತ್ತವೆ. ಹೇಳದ ಮಾತು ಸುಮ್ಮನಿರುವುದಿಲ್ಲ ಎಂಬ ತಿಳಿವು ನಮ್ಮ ಹೆಂಗಸರ ಪರಂಪರೆಗೆ ಮೊದಲಿನಿಂದಲೂ ಇತ್ತು.

ಫಣಿಯಮ್ಮ ಹೇಳಿದಳು, ಆದ್ದರಿಂದ ಮಾತು ಸಾಗಿತು. ಪ್ರೇಮಾ ಕಾರಂತರ ನಿರ್ದೇಶನದಲ್ಲಿ 1983ರಲ್ಲಿ ಅದು ಚಲನಚಿತ್ರವಾಯಿತು. 1989ರಲ್ಲಿ ಇಂಗ್ಲಿಷಿಗೆ ಹೋಯಿತು. ಅನುವಾದಿಸಿದ ತೇಜಸ್ವಿನಿ ನಿರಂಜನ ಅವರು ಅನುಪಮಾ ನಿರಂಜನ ಅವರ ಮಗಳು. ಮೂವರು ಹೆಂಗಸರ ಸರಪಣಿಗೆ ಇನ್ನಿಬ್ಬರು ಸೇರಿದರು. ಮೌಖಿಕ ಪರಂಪರೆಯ ಕ್ರಮವೇ ಮುದ್ರಣ, ಪರದೆ, ಅನುವಾದಗಳಲ್ಲಿಯೂ ಮುಂದುವರಿದಂತಾಯಿತು.

ಒಟ್ಟಾರೆಯಾಗಿ ಎರಡು ಮಾತು ಹೇಳಬಹುದು. 'ಫಣಿಯಮ್ಮ'ನನ್ನು ಜನಪ್ರಿಯ ಕಾದಂಬರಿಗಳ ಸಾಲಿನಿಂದ ತೆಗೆದು ಪ್ರಯೋಗಶೀಲ ಕೃತಿಗಳ ಸಾಲಿನಲ್ಲಿಟ್ಟು ಓದಬೇಕು. ಹಾಗೆ ಓದಿದಾಗ ಬದಲಾಗುವುದು ಆ ಸಾಲಿನ ಲಕ್ಷಣವೇ. ಎರಡನೆಯದು ನಮ್ಮಂಥ ಸಂಗ್ರಾಹಕರಿಗೆ ಸಂಬಂಧಿಸಿದ್ದು. ವಿಶ್ವವಿದ್ಯಾಲಯಗಳಲ್ಲಿ, ಅಕಾಡೆಮಿಗಳಲ್ಲಿ, ನಮ್ಮ ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಇರುವ ಹಳೆಯ ಧ್ವನಿಸುರುಳಿಗಳನ್ನು ಮತ್ತೆ ಕೇಳಬೇಕು. ಹಾಡು ನಿಂತು ಯಂತ್ರ ನಿಲ್ಲುವ ಮುನ್ನದ ಕೆಲವು ಕ್ಷಣಗಳಲ್ಲಿ, ಮೂಲೆಯಿಂದ ಯಾರೋ ಬಾಯಿ ತೆರೆದ ಸದ್ದು ಇನ್ನೂ ಉಳಿದಿರಬಹುದು. ಅದನ್ನು ಸೂಚಿಯಲ್ಲಿ ನಮೂದಿಸುವ ಕೆಲಸದಿಂದ ನಾವು ಆರಂಭಿಸಬೇಕು.