ಹಲಗಲಿ ಲಾವಣಿಯೊಳಗ ಕಂಡದ್ದೆಷ್ಟು, ಕೇಳಿದ್ದೆಷ್ಟು

ಹಲಗಲಿ ದಂಗೆಯನ್ನು ನಾವ್ಯಾರೂ ಕಣ್ಣಾರೆ ಕಂಡಿಲ್ಲ. 1857ರಲ್ಲಿ ಹತ್ಯಾರ ಒಪ್ಪಿಸಬೇಕಂತ ಕಂಪನಿ ಸರಕಾರದ ಕಾಯ್ದೆ ಬಂತು, ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ, ದಂಡು ಬಂದು ಊರು ಸುಟ್ಟಿತು. ಇಷ್ಟು ನಮ್ಮ ಜತ್ತ ಕಡೆ ಅಕ್ಷರ ಬಾರದ ಹಿರಿಯರಿಗೂ ಗೊತ್ತು. ಲಾವಣಿ ಹೇಳಿತು, ಅವರು ನಂಬಿದರು. ಹಾಡಿದ್ದೆಲ್ಲಾ ಖರೇ ಏನು ಅಂತ ಸಾಲಿ ಮಾಸ್ತರರು ಕೇಳತಾರ. ಕೇಳಬೇಕಾದ ಮಾತೇ. ಉತ್ತರ ಲಾವಣಿಯೊಳಗೇ ಐತಿ.

ಅದರಾಗ ಎರಡು ನಮೂನಿ ಮಾತು ಅದಾವ. ಹುಕುಂ ವಿಲಾಯತಿಯಿಂದ ಬಂತು ಅನ್ನೋದು ಒಂದು. ವಿಲಾಯತಿಯನ್ನ ಆ ಕವಿ ಎಲ್ಲಿ ನೋಡಬೇಕು? ಅದು ಮಂದಿ ಬಾಯಿಂದ ಬಾಯಿಗೆ ಬಂದದ್ದು. ಕಾಯ್ದೆ ಆದದ್ದು ಕಲ್ಕತ್ತಾದಾಗ. ಅಲ್ಲಿ ಹಾಡು ಸಡಿಲ.

ಇನ್ನೊಂದು, ದಂಡಿನವರು ಒಯ್ದ ಸಾಮಾನಿನ ಪಟ್ಟಿ. ಕೊಡಲಿ, ಕುಡ, ಬೆಣ್ಣಿ, ಉಪ್ಪು, ಎಣ್ಣಿ, ಮಂಗಳಸೂತ್ರ, ಕಡೀಕ ಬೀಸುಕಲ್ಲು ಸುದ್ದಾ ಬರತೈತಿ. ದೂರ ಕೂತು ಕಟ್ಟಿದವನಾಗಿದ್ದರ ಬಂಗಾರದ ರಾಶಿ, ಆನಿ, ಕುದುರಿ ಸೇರಿಸತಿದ್ದ. ಬೀಸುಕಲ್ಲು ಹೋತು ಅಂತ ಮರುಗಾಕಿ, ನಸುಕಿನ್ಯಾಗ ಎದ್ದು ಬೀಸೋ ಹೆಣ್ಣುಮಗಳು. ಮನಿ ಕಳಕೊಂಡವರ ಬಾಯಿಂದ ಕೇಳದ ಇಂಥ ಪಟ್ಟಿ ಹುಟ್ಟೂದಿಲ್ಲ ಅಂತ ನನ್ನ ತಿಳುವಳಿಕಿ. ಇಲ್ಲಿ ಹಾಡು ಗಟ್ಟಿ.

ಕೊನೆಗೆ ಕುರ್ತಕೋಟಿ ಕಲ್ಮೇಶನ ಅಂಕಿತ ಬರತೈತಿ. ಅದು ದೇವರ ನೆನಪು ಅಷ್ಟೇ ಅಲ್ಲ, ಈ ಮಾತು ಯಾವ ಊರಿಂದು ಅನ್ನೋ ಗುರುತು. ಹೇಳಿದವ ಯಾರು ಅಂತ ತಿಳಿದರ ಅವನ ಮಾತಿನ ತೂಕ ನೋಡಬಹುದು. ಇಂಥ ಲಾವಣಿಗಳನ್ನ ಸಂಗ್ರಹಿಸಿ ಅಚ್ಚು ಹಾಕಿಸಿದಾತ ಇಂಗ್ಲಿಷ್ ಅಧಿಕಾರಿ ಫ್ಲೀಟ್. ಗೆದ್ದವರ ಕಡೆಯವನೇ ಸೋತವರ ಸಾಕ್ಷಿ ಉಳಿಸಿದ.

ಈಗ ಜಾತ್ರಿಯೊಳಗ ಹಾಡೋ ಕೆಲವರು, ಮಂದಿಗೆ ಬ್ಯಾಸರ ಅಂತ ಪಟ್ಟಿ ಹಾರಿಸತಾರ. ಮೊಬೈಲಿನ್ಯಾಗ ಹಾಕುವಾಗ ಅಂಕಿತ ಕತ್ತರಿಸತಾರ. ಉಳಿಯೋದು ಬರೇ ಆರ್ಭಟ. ಪಟ್ಟಿ ಬಿಟ್ಟರ ಸಾಕ್ಷಿ ಬಿಟ್ಟಂಗ. ಅಂಕಿತ ಬಿಟ್ಟರ ಸಹಿ ಇಲ್ಲದ ಖರೇದಿ ಪತ್ರ. ಅಂಥ ಪತ್ರ ನಂಬಿ ನಾವು ಹೊಲ ಕೊಳ್ಳತೇವೇನು?

ಗಡಿಯಾಚೆ ಇರೋ ನಮ್ಮ ಮಕ್ಕಳಿಗೆ ಹಲಗಲಿ ಮುಟ್ಟೋದು ಬಹುಮಟ್ಟಿಗೆ ಕಿವಿಯಿಂದಲೇ. ಹಂಗಂತ ಕೇಳಿದ್ದನ್ನೆಲ್ಲಾ ನಂಬೋದೂ ಬ್ಯಾಡ, ಹಾಡು ಅಂತ ಎಲ್ಲಾ ತಳ್ಳೋದೂ ಬ್ಯಾಡ. ಹಾಡೋರು ಪೂರಾ ಹಾಡ್ರಿ. ಮಾಸ್ತರರು ಆ ಲಾವಣಿ ಬರೆಸಿ, ಕಂಡ ಮಾತು ಯಾವುದು, ಕೇಳಿದ ಮಾತು ಯಾವುದು ಅಂತ ಮಕ್ಕಳ ಕಡೆ ಗೆರೆ ಎಳೆಸಲಿ.