ಮೇಲ್ಮೈ ಘರ್ಷಣೆಯನ್ನು ನೇರವಾಗಿ ಅಳೆದ ಒಂದು ವರದಿ

ಸತೀಶ್ ಧವನ್ ಎಂದೊಡನೆ ನಿಮಗೆ ನೆನಪಾಗುವುದು ಇಸ್ರೋ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರುವ ಮುನ್ನ ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ ಮಾಡಿದ ಪ್ರಯೋಗ ನಮ್ಮ ತರಗತಿಗಳಲ್ಲಿ ಚರ್ಚೆಗೆ ಬರುವುದು ಅಪರೂಪ. 1953ರಲ್ಲಿ ನಾಕಾ ಸಂಸ್ಥೆಯ 1121ನೆಯ ವರದಿಯಾಗಿ ಅದು ಪ್ರಕಟವಾಯಿತು.

ಮೊದಲು ಸಮಸ್ಯೆಯನ್ನು ನೋಡೋಣ. ಫಲಕದ ಮೇಲೆ ಗಾಳಿ ಹರಿಯುವಾಗ ಫಲಕಕ್ಕೆ ತಾಗಿದ ಗಾಳಿಯ ವೇಗ ಸೊನ್ನೆ. ಅಲ್ಲಿಂದ ವೇಗ ಏರುತ್ತ ಹೊರಗಿನ ವೇಗವನ್ನು ಮುಟ್ಟುವವರೆಗಿನ ತೆಳು ಪದರವೇ ಸೀಮಾಸ್ತರ. ಈ ಕಲ್ಪನೆಯನ್ನು 1904ರಲ್ಲಿ ಪ್ರಾಂಟ್ಲ್ ಮುಂದಿಟ್ಟರು. ಫಲಕದ ಬಳಿ ವೇಗ ಏರುವ ದರವನ್ನು ಗಾಳಿಯ ಸ್ನಿಗ್ಧತೆಯಿಂದ ಗುಣಿಸಿದರೆ ಏಕಮಾನ ವಿಸ್ತೀರ್ಣದ ಮೇಲಿನ ಘರ್ಷಣಾಬಲ ಸಿಗುತ್ತದೆ. ಪ್ರವಾಹ ಕ್ಷುಬ್ಧವಾದಾಗ ಸುಳಿಗಳು ಮೇಲಿನ ವೇಗದ ಗಾಳಿಯನ್ನು ಕೆಳಕ್ಕೆ ತರುತ್ತವೆ, ಏರಿಕೆ ಕಡಿದಾಗುತ್ತದೆ. ಆದ್ದರಿಂದ ನುಣುಪಾದ ಫಲಕದ ಮೇಲೂ ಘರ್ಷಣೆ ಹೆಚ್ಚುತ್ತದೆ. ಮೇಲ್ಮೈ ಒರಟಾಗಿರುವುದರಿಂದಲೇ ಘರ್ಷಣೆ ಎಂಬ ವಿವರಣೆ ಇಲ್ಲಿ ಸಾಲದು.

ನೀವೇ ಲೆಕ್ಕ ಹಾಕಿ. ಗಾಳಿಯ ವೇಗ ಸೆಕೆಂಡಿಗೆ 30 ಮೀಟರ್, ಫಲಕದ ಮುಂದಂಚಿನಿಂದ ದೂರ ಅರ್ಧ ಮೀಟರ್ ಇರಲಿ. ರೆನಾಲ್ಡ್ಸ್ ಸಂಖ್ಯೆ ಸುಮಾರು 10 ಲಕ್ಷವಾಗುತ್ತದೆ. ಸ್ತರೀಯ ಪ್ರವಾಹದಲ್ಲಿ ಒಂದು ಚದರ ಸೆಂಟಿಮೀಟರ್ ಮೇಲಿನ ಘರ್ಷಣೆ ಸುಮಾರು ಮೂರೂವರೆ ಮಿಲಿಗ್ರಾಂ ತೂಕದಷ್ಟು, ಕ್ಷುಬ್ಧ ಪ್ರವಾಹದಲ್ಲಿ ಸುಮಾರು 20 ಮಿಲಿಗ್ರಾಂನಷ್ಟು. ವ್ಯತ್ಯಾಸ ಐದು ಪಟ್ಟಿಗೂ ಹೆಚ್ಚು; ಆದರೂ ಎರಡೂ ಅತ್ಯಲ್ಪ.

ಧವನ್ ಫಲಕದ ಒಂದು ಪುಟ್ಟ ಭಾಗವನ್ನು ಬೇರ್ಪಡಿಸಿ, ಅದು ಅಲುಗಾಡುವಂತೆ ಮಾಡಿದರು. ಗಾಳಿ ಅದನ್ನು ಎಳೆಯುವ ಬಲವನ್ನು ವಿದ್ಯುನ್ಮಂಡಲದ ರಿಯಾಕ್ಟೆನ್ಸ್ ಬಳಸಿ ಅಳೆದರು. ಸುಮಾರು 1ರಿಂದ 100 ಮಿಲಿಗ್ರಾಂವರೆಗಿನ ಬಲಗಳು! ಉಪಾಯ ಹೊಸದಲ್ಲ, ಜರ್ಮನಿಯ ಕೆಂಪ್ಫ್ 1929ರಲ್ಲೇ ಇಂಥದನ್ನು ಬಳಸಿದ್ದರು. ಇಷ್ಟು ಚಿಕ್ಕ ಭಾಗದ ಮೇಲೆ, ಶಬ್ದವೇಗದ ಸುಮಾರು 0.8ರಷ್ಟು ವೇಗದವರೆಗೆ ಕ್ಷುಬ್ಧ ಘರ್ಷಣೆಯನ್ನು ಅಳೆದದ್ದು ಈ ವರದಿಯ ಹಿರಿಮೆ. ವೇಗದ ಹಂಚಿಕೆ ಹೀಗೇ ಇರುತ್ತದೆಂದು ಮೊದಲೇ ಊಹಿಸಿಕೊಳ್ಳುವ ಅಗತ್ಯ ಇಲ್ಲಿಲ್ಲ.

ಕಡಿಮೆ ವೇಗದಲ್ಲಿ ಫಲಿತಾಂಶಗಳು ಬ್ಲಾಸಿಯಸ್ ಮತ್ತು ಕಾರ್ಮನ್ ಸೂತ್ರಗಳಿಗೆ ಚೆನ್ನಾಗಿ ಹೊಂದಿದವೆಂದು ವರದಿ ಹೇಳುತ್ತದೆ. ಇಲ್ಲಿ ನೀವು ಎಚ್ಚರದಿಂದ ಓದಬೇಕು. ಈ ಎರಡು ಹೊಂದಾಣಿಕೆಗಳು ಒಂದೇ ಬಗೆಯವಲ್ಲ. ಸ್ತರೀಯ ಪ್ರವಾಹಕ್ಕೆ ಬ್ಲಾಸಿಯಸ್ 1908ರಲ್ಲಿ ಕೊಟ್ಟ ಸೂತ್ರ ಪ್ರಾಂಟ್ಲ್ ಸಮೀಕರಣಗಳಿಂದಲೇ ಬಂದದ್ದು. ಪ್ರಯೋಗದಿಂದ ಎರವಲು ಪಡೆದ ಅಂಕಿ ಅದರಲ್ಲಿ ಒಂದೂ ಇಲ್ಲ. ಹಾಗಾಗಿ ಅಳತೆ ಹೊಂದಿದರೆ ಉಪಕರಣ ನಂಬಲರ್ಹವೆಂದು ತಿಳಿಯುತ್ತದೆ. ಕಾರ್ಮನ್ ಸೂತ್ರದ ಸ್ಥಿರಾಂಕಗಳಾದರೋ ಪ್ರಯೋಗಗಳಿಂದಲೇ ಬಂದವು. ಅದಕ್ಕೆ ಹೊಂದಿದರೆ ಒಂದು ಪ್ರಯೋಗ ಇನ್ನೊಂದಕ್ಕೆ ಸಾಕ್ಷಿ ನುಡಿದಂತಾಯಿತೇ ಹೊರತು ಕ್ಷುಬ್ಧತೆ ಅರ್ಥವಾದಂತಲ್ಲ. ಈ ಭೇದವನ್ನು ಮರೆತರೆ ಸೂತ್ರವನ್ನೇ ಕಾರಣವೆಂದು ಭ್ರಮಿಸುತ್ತೇವೆ.

ಮಿತಿಗಳೂ ಇವೆ. ಅಲುಗಾಡುವ ಭಾಗದ ಸುತ್ತ ಸಂದು ಇರಲೇಬೇಕು. ಸಂದಿನ ಎರಡು ಬದಿಗಳಲ್ಲಿ ಒತ್ತಡ ಬೇರೆಯಾದರೆ ಅಥವಾ ಭಾಗ ತುಸು ಮೇಲೆದ್ದರೆ, ಅಳೆದದ್ದು ಬರಿಯ ಘರ್ಷಣೆಯಾಗಿ ಉಳಿಯದು. ಶಬ್ದಾತೀತ ವೇಗದ ಅಳತೆಗಳು ಕೆಲವೇ. ಸಿಗುವುದು ಸರಾಸರಿ ಬಲ; ಕ್ಷಣಕ್ಷಣದ ಏರಿಳಿತ ಕಾಣದು.

ಕ್ಷುಬ್ಧ ಸೀಮಾಸ್ತರಕ್ಕೆ ಇಂದಿಗೂ ಪೂರ್ಣ ಸಿದ್ಧಾಂತವಿಲ್ಲ, 0.4ರ ಆಸುಪಾಸಿನ ಕಾರ್ಮನ್ ಸ್ಥಿರಾಂಕದ ನಿಖರ ಬೆಲೆಯ ಬಗ್ಗೆಯೂ ಚರ್ಚೆ ನಿಂತಿಲ್ಲ. ಹೀಗಿರುವಾಗ ನೇರ ಅಳತೆಯೇ ನಮಗಿರುವ ಗಟ್ಟಿ ಆಧಾರ. ಅಧ್ಯಾಪಕರು ಘರ್ಷಣಾ ಗುಣಾಂಕದ ಸೂತ್ರ ಬರೆದ ಮೇಲೆ, ಇದರ ಯಾವ ಅಂಕಿ ಸಿದ್ಧಾಂತದ್ದು, ಯಾವುದು ಪ್ರಯೋಗದ್ದು ಎಂದು ವಿದ್ಯಾರ್ಥಿಗಳನ್ನು ಕೇಳಲಿ. ಆ ಪಾಠಕ್ಕೆ ಈ ವರದಿಗಿಂತ ಒಳ್ಳೆಯ ಪಠ್ಯ ಬೇಕಿಲ್ಲ.