ಸಾಣೆಯಲ್ಲಿ ಮೂಡುವ ತಾರೆ

ಸಕಲೇಶಪುರದ ಮಳೆಗಾಲಕ್ಕೆ ಮನೆಯಲ್ಲೇ ಕೂತು ಕಲ್ಲಿಗೆ ಸಾಣೆ ಹಿಡಿಯುವಷ್ಟು ಒಪ್ಪುವ ಹವ್ಯಾಸ ಇನ್ನೊಂದಿಲ್ಲ. ಹಳೇ ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯ ಸಿಕ್ಕರಂತೂ ಹಬ್ಬವೇ ಸರಿ.

ಇದು ಕುರುಂದ ಎಂಬ ಖನಿಜದ ಜಾತಿ. ಮೋಸ್ ಮಾಪಕದಲ್ಲಿ ಗಡಸುತನ 9. ನೋಡಲು ಮಂಕು ನೇರಳೆಗೆಂಪು. ಆದರೆ ಒಡಲೊಳಗೆ ಸೂಕ್ಷ್ಮ ಖನಿಜ ಸೂಜಿಗಳು ಮೂರು ದಿಕ್ಕಿಗೆ ಸಾಲುಗಟ್ಟಿರುತ್ತವೆ; ತಾರೆ ಮೂಡುವುದು ಇವುಗಳಿಂದಲೇ. ಷಟ್ಕೋನ ಹರಳನ್ನು ಅದರ ಅಕ್ಷಕ್ಕೆ ಅಡ್ಡಲಾಗಿ ಕೊಯ್ದು, ಅರಗಿನಿಂದ ಕಡ್ಡಿಗೆ ಅಂಟಿಸಿ, ವಜ್ರದ ಪುಡಿಯ ಚಕ್ರದ ಮೇಲೆ ನೀರು ತೊಟ್ಟಿಕ್ಕಿಸುತ್ತ ಗುಮ್ಮಟದಂತೆ ಉಜ್ಜಬೇಕು. ನೀರು ನಿಲ್ಲಕೂಡದು, ಒಣ ಧೂಳು ಶ್ವಾಸಕೋಶಕ್ಕೆ ಕೇಡು. ಕೊಯ್ತ ಚೂರು ಓರೆಯಾದರೂ ತಾರೆ ಪಕ್ಕಕ್ಕೆ ಜಾರುತ್ತದೆ. ಮೆರುಗು ಕೊಟ್ಟು ಒಂಟಿ ದೀಪದಡಿ ಹಿಡಿದರೆ, ಆಹಾ, ಆರು ಕಿರಣ!

ಬೇಲೂರು, ಹಳೇಬೀಡಿನ ಶಿಲ್ಪಿಗಳು ಮೆದುವಾದ ಬಳಪದ ಕಲ್ಲಿಗೆ ಧಾರೆಯೆರೆದ ತಾಳ್ಮೆಯನ್ನೇ ಈ ಗಟ್ಟಿ ಕಲ್ಲೂ ಬೇಡುತ್ತದೆ. ಬೇಡಿದ್ದಕ್ಕಿಂತ ಹೆಚ್ಚನ್ನೇ ಮರಳಿ ಕೊಡುತ್ತದೆ.